ಮುರಗೆಪ್ಪನ ನಲವತ್ತೊಂದು ನಸಗುನ್ನಿ

ಅಥಣಿಯಲ್ಲಿ ನಾನು ಗುಮಾಸ್ತನಾಗಿದ್ದ ಕಾಲೇಜಿಗೆ ಮುರಗೆಪ್ಪ ಮಾಲಿ. ಹಿತ್ತಲಿನ ಸಸ್ಯೋದ್ಯಾನ ಅವನದೇ ರಾಜ್ಯ. ಅಂಥ ಹಟಮಾರಿಯನ್ನು ನಾನು ಮತ್ತೆ ಕಂಡಿಲ್ಲ.

೧೯೮೭ರಲ್ಲಿ ಪ್ರಿನ್ಸಿಪಾಲರ ಅಪ್ಪಣೆಯಂತೆ ಪ್ರತಿ ಗಿಡಕ್ಕೂ ತಗಡಿನ ಚೀಟಿ ಕಟ್ಟಿದ. ‘ಮಧುನಾಶಿನಿ, ಸಕ್ಕರೆ ಕಾಯಿಲೆಗೆ’ ಎಂದು ಓದಿದ್ದೇ ತಡ, ಊರ ಹಿರಿಯರೆಲ್ಲ ಮುಂಜಾನೆ ಕಾಲಾಡಿಸಲು ನಮ್ಮಲ್ಲಿಗೇ ಬರತೊಡಗಿದರು. ವಾರದೊಳಗೆ ಆ ಬಳ್ಳಿ ಹೋಗಿ ಚೀಟಿ ಮಾತ್ರ ಉಳಿಯಿತು.

“ಹೆಸರು ಬರಿಯೂದಂದ್ರ ಕಳ್ಳನ ಕೈಯಾಗ ಕೀಲಿ ಕೊಟ್ಟಂಗಾತ್ರಿ” ಎಂದು ಮುರಗೆಪ್ಪ ಎಲ್ಲ ಚೀಟಿ ಕಿತ್ತ. ಮರುದಿನ ನಲವತ್ತೊಂದು ಗಿಡಕ್ಕೂ ಒಂದೇ ಹೆಸರು: ನಸಗುನ್ನಿ. ಮುಟ್ಟಿದವರನ್ನು ತುರಿಸಿ ತುರಿಸಿ ಕುಣಿಸುವ ಬಳ್ಳಿ ಅದು. ನಮ್ಮ ತೋಟದಲ್ಲಿ ಅದೊಂದು ಮಾತ್ರ ಇರಲಿಲ್ಲ. ಜನ ಕೈಕಟ್ಟಿಕೊಂಡು ನಡೆಯತೊಡಗಿದರು.

ಅಷ್ಟರಲ್ಲಿ ಯುನಿವರ್ಸಿಟಿಯಿಂದ ತೋಟದ ತಪಾಸಣೆಗೆ ಪ್ರೊಫೆಸರರೊಬ್ಬರು ಬಂದರು. ಅವರು ಒಪ್ಪದಿದ್ದರೆ ತೋಟ ಕಡಿದು ವಾಲಿಬಾಲ್ ಮೈದಾನ ಮಾಡುವುದೆಂದು ಆಡಳಿತ ಮಂಡಳಿ ಮೊದಲೇ ತೀರ್ಮಾನಿಸಿತ್ತು. ಪ್ರೊಫೆಸರರು ಚೀಟಿ ಓದುತ್ತ ಓದುತ್ತ ಕೆಂಪಾದರು.

“ಏನಪಾ ಇದು? ಹುಣಸಿನೂ ನಸಗುನ್ನಿ, ಲಿಂಬಿನೂ ನಸಗುನ್ನಿ?”

“ಅದು ಮಂದಿಗ್ರಿ ಸಾಹೇಬ್ರ. ಖರೇದ್ದು ಇದರಾಗ ಐತ್ರಿ” ಎಂದು ಮುರಗೆಪ್ಪ ಎಣ್ಣೆಗಲೆಯ ರಿಜಿಸ್ಟರು ಚಾಚಿದ.

‘ಶತಾವರಿ. ಬಾವಿಯಿಂದ ಹದಿನೆಂಟು ಹೆಜ್ಜೆ. ಜುಗೂಳದ ಶಿವಗಂಗವ್ವ ಕೊಟ್ಟಳು. ಚಹಾ ಕೇಳಲಿಲ್ಲ.’ ಪ್ರೊಫೆಸರರು ಹೆಜ್ಜೆ ಎಣಿಸಿ ಹೊರಟರು. ಅವರು ಗಿಡ್ಡ, ಮುರಗೆಪ್ಪ ತೆಂಗಿನ ಮರ. ಹದಿನೆಂಟಕ್ಕೆ ಅವರು ಸೆಗಣಿ ಗುಂಡಿಯ ಅಂಚಿಗೆ ಬಂದು ನಿಂತರು. ಆಮೇಲೆ ಮುರಗೆಪ್ಪನೇ ನಡೆದು ತೋರಿಸಿದ. ನಲವತ್ತೊಂದೂ ಬರೆದಲ್ಲೇ ಇದ್ದವು.

ನಾನು ಉಸಿರು ಬಿಡುವಷ್ಟರಲ್ಲಿ ಅವರು ಕೊನೆಯ ಪುಟ ತೆರೆದರು. ಅಲ್ಲಿ ಬೇರೆ ಹನ್ನೊಂದು ಗಿಡಗಳ ಹೆಸರಿನ ಮೇಲೆ ಕೆಂಪು ಗೆರೆ. ‘ಸತ್ತಿತು. ನೀರು ಹೆಚ್ಚು ಹಾಕಿದೆ. ತಪ್ಪು ನನ್ನದು.’ ‘ಸತ್ತಿತು. ಆಡು ತಿಂದಿತು. ನಾನು ಮಲಗಿದ್ದೆ.’ ಪ್ರಿನ್ಸಿಪಾಲರು ತಲೆ ಮೇಲೆ ಕೈ ಹೊತ್ತರು. ಈ ಹುಂಬ ತನ್ನ ತೋಟಕ್ಕೆ ತಾನೇ ಕೊಡಲಿ ಹಾಕಿಕೊಂಡನಲ್ಲ ಎಂದು ನನಗೂ ಅನಿಸಿತು.

“ಇದನ್ಯಾಕ ಬರದಿಪಾ?”

“ಮುಂದ ಬರೂ ಮಾಲಿ ಅದ ತಪ್ಪು ಮಾಡಬಾರದಲ್ರಿ.”

ಪ್ರೊಫೆಸರರು ಜೇಬಿನಿಂದ ಪೆನ್ನು ತೆಗೆದು ಒಪ್ಪಿಗೆಯ ಸಹಿ ಹಾಕಿದರು.

“ನಮ್ಮ ಯುನಿವರ್ಸಿಟಿ ತ್ವಾಟದ ರಿಜಿಸ್ಟರಿನ್ಯಾಗ ಇಪ್ಪತ್ತು ವರ್ಷದಿಂದ ಒಂದ ಗಿಡಾನೂ ಸತ್ತಿಲ್ಲ” ಎಂದರು. “ತ್ವಾಟದಾಗ ಅರ್ಧಾನೂ ಉಳದಿಲ್ಲ.”