ಎಂಟು ದಿನ ತಡಿ, ಮಳಿರಾಯಾ

ಮುಂಗಾರಿಗೆ ಮುಂಚಿನ ಅಡ್ಡಮಳೆ ಧೋ ಎಂದು ಸುರಿಯಿತು. ಎಂಬತ್ತರ ದಶಕದ ಒಂದು ಮೇ ತಿಂಗಳು, ಖಾನಾಪುರದ ಬಸ್ ನಿಲ್ದಾಣ. ಭತ್ತದ ಬಿತ್ತನೆಗೆ ಕಾದಿದ್ದ ರೈತರೆಲ್ಲ ಅಂಗೈ ಚಾಚಿ ನೆನೆಯತೊಡಗಿದರು. ಬೆಳಗಾವಿಯ ಮಗಳ ಮನೆಯಿಂದ ಕರಾವಳಿಯ ಕುಮಟೆಗೆ ಹೊರಟಿದ್ದ ಹಿರಿಯರೊಬ್ಬರು ಮಾತ್ರ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು.

“ಮಳಿ ಬಂದ್ರ ಯಾರರ ಹಿಂಗ ಮಾರಿ ಸಣ್ಣ ಮಾಡ್ತಾರೇನ್ರೀ?” ಎಂದು ಛೇಡಿಸಿದೆ. ನಾನು ಭೂಗೋಳದ ಮಾಸ್ತರ. ಮಳೆ ಎಲ್ಲರಿಗೂ ವರ ಎಂದು ವರ್ಷಗಟ್ಟಲೆ ಪಾಠ ಹೇಳಿದವನು.

“ನಮ್ದು ಉಪ್ಪಿನ ಆಗರ, ಮಾಸ್ತರೆ. ಈ ಮೋಡ ನಮ್ಮೂರಿಗೆ ಹೋದ್ರೆ ರಾಶಿ ಹಾಕಿದ ಉಪ್ಪೆಲ್ಲ ನೀರಾಗ್ತದೆ.”

ಮಳೆಗೆ ಚಾಚಿದ್ದ ಅಂಗೈಯನ್ನು ನಾನು ಹಿಂದಕ್ಕೆ ಎಳೆದುಕೊಂಡೆ. ಪಕ್ಕದಲ್ಲಿದ್ದ ಗುಂಜಿ ಹಳ್ಳಿಯ ರೈತ ಅಜ್ಜಿ ಎದ್ದು ಆಕಾಶಕ್ಕೆ ಕೈ ಮುಗಿದಳು: “ಮಳಿರಾಯಾ, ಇಲ್ಲೇ ಸುರಿಯಪ್ಪಾ. ಕಡಲ ಕಡಿಗೆ ಎಂಟು ದಿನ ಹೋಗಬ್ಯಾಡ. ಇವರ ಉಪ್ಪು ಮನಿ ಸೇರಲಿ. ನಮ್ಮ ಗಂಜಿಗೂ ಅದೇ ಉಪ್ಪು ಬೇಕಲ್ಲ!”

ನಿಲ್ದಾಣವೆಲ್ಲ ಘೊಳ್ಳೆಂದಿತು. ಆ ಹಿರಿಯರೂ ಕಣ್ಣೊರೆಸಿಕೊಂಡು ನಕ್ಕರು.

ಶಾಲೆ ಶುರುವಾದಾಗ ಕರಾವಳಿಯ ಪಾಠವನ್ನು ಆ ಹಿರಿಯರ ಉಪ್ಪಿನ ಕಥೆಯಿಂದಲೇ ಆರಂಭಿಸಿದೆ. ಇಂದಿಗೂ ಅಡ್ಡಮಳೆ ಬಂದರೆ ನಾನು ಅಂಗೈ ಚಾಚುವ ಮೊದಲು ಕಡಲಿರುವ ಪಡುವಣಕ್ಕೆ ತಿರುಗಿ ಕೈ ಮುಗಿಯುತ್ತೇನೆ.