ರಾಣಿಯ ಹಣೆಗೆ ನಮ್ಮ ಸ್ಟೂಲು

ಎರಡು ವರ್ಷದ ಹಿಂದಿನ ಮಾತು. ತಿ. ನರಸೀಪುರದಲ್ಲಿ ನಮ್ಮ ಪುಟ್ಟ ಹೋಟೆಲಿನ ಎದುರಿಗಿರುವ ಉದ್ದನೆಯ ಗೋಡೆಯ ಮೇಲೆ ನಮ್ಮ ಸೀಮೆಯ ಇತಿಹಾಸದ ಚಿತ್ರ ಬರೆಯಲು ಮೈಸೂರಿನಿಂದ ಒಬ್ಬ ಚಿತ್ರಕಲಾವಿದೆ ಬಂದರು. ತಲಕಾಡಿನ ಗಂಗರು, ಅವರ ರಾಣಿ, ಸೋಮನಾಥಪುರದ ಶಿಲ್ಪಿಗಳು ಎಲ್ಲ ಅದರಲ್ಲಿ ಬರುತ್ತಾರಂತೆ. ಮುಖಗಳನ್ನು ಮಾತ್ರ ಊರಿನವರನ್ನೇ ನೋಡಿ ಬರೆಯುತ್ತೇನೆ ಎಂದರು.

ಅಷ್ಟು ಕೇಳಿದ್ದೇ ತಡ, ನನಗೆ ರಾಣಿಯಾಗುವ ಆಸೆ ಹತ್ತಿತು. ದಿನಾ ಒಳ್ಳೆಯ ಸೀರೆ ಉಟ್ಟು, ಅವರ ಇಡ್ಲಿಯ ಮೇಲೆ ಬೆಣ್ಣೆ ಹಾಕಿ ಕೊಟ್ಟೆ. ಬೆಣ್ಣೆಯನ್ನೇನೋ ತಿಂದರು, ಆದರೆ ರಾಣಿಯ ಮುಖಕ್ಕೆ ಆರಿಸಿದ್ದು ಒಳಗೆ ಒಲೆಯ ಮುಂದೆ ಬೆವರುತ್ತಿದ್ದ ನನ್ನ ಓರಗಿತ್ತಿ ರತ್ನಳನ್ನು! ಮೈದುನ ತೀರಿಕೊಂಡ ಮೇಲೆ ಅವಳು ಹೋಟೆಲಿನ ಮುಂಭಾಗಕ್ಕೂ ಬರುತ್ತಿರಲಿಲ್ಲ. ನನ್ನ ಹೊಟ್ಟೆ ಉರಿದುಹೋಯಿತು.

ಕೆಲಸ ಮುಗಿದ ದಿನ ಜನ ಸೇರಿದರು. ಆಳೆತ್ತರ ಮೀರಿದ ರಾಣಿ. ಅದೇ ರತ್ನಳ ಕಣ್ಣು, ಅದೇ ಬರಿದಾದ ಹಣೆ.

"ಏನ್ ಮೇಡಮ್, ರಾಣಿಗೆ ಕುಂಕುಮಾನೇ ಇಟ್ಟಿಲ್ವಲ್ಲ?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ಕಂಡಿದ್ದನ್ನ ಬರೆದಿದ್ದೀನಮ್ಮ. ರಾಜರ ಕಥೆ ಎಲ್ರೂ ಹೇಳ್ತಾರೆ. ಅವರು ಹೋದ್ಮೇಲೆ ಮನೆ ಒಲೆ ಆರದ ಹಾಗೆ ನೋಡ್ಕೊಂಡೋರ ಕಥೇನೂ ಇತಿಹಾಸಾನೇ ಅಲ್ವಾ?" ಎಂದರು.

ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ಮರುವಾರ ಬಸ್ಸಿಳಿದ ಒಬ್ಬ ಅಜ್ಜಿ ಗೋಡೆಯನ್ನೇ ನೋಡುತ್ತಾ ನಿಂತು, ಆಮೇಲೆ ನಮ್ಮ ಹೋಟೆಲಿಗೆ ಬಂದಳು.

"ಅವ್ವಾ, ಒಸಿ ಸ್ಟೂಲ್ ಕೊಡವ್ವ. ತಾಯಿ ಅಣೆ ಮ್ಯಾಲೆ ಕುಂಕುಮಾನೇ ಇಲ್ಲ, ಇಕ್ಬುಟ್ಟು ಬತ್ತೀನಿ."

"ಅದು ದೇವ್ರಲ್ಲ ಕಣಜ್ಜಿ, ನಮ್ ರತ್ನ. ಗಂಡ ಇಲ್ಲ ಅವ್ಳಿಗೆ."

"ಇಲ್ದೆ ಇದ್ರೇನವ್ವ, ಅಣೆ ಅದೆಯಲ್ಲ!"

ಅಜ್ಜಿ ಬೀಳಬಾರದಲ್ಲ ಎಂದು ಸ್ಟೂಲು ಹಿಡಿದುಕೊಂಡೆ. ಅವಳು ಸೆರಗಿನಲ್ಲಿದ್ದ ಪೊಟ್ಟಣ ಬಿಚ್ಚಿ ಕುಂಕುಮ ಇಟ್ಟು ಕೈ ಮುಗಿದಳು, "ನೀನೂ ಮುಗಿಯವ್ವ" ಎಂದಳು. ವಿಧಿಯಿಲ್ಲದೆ ಓರಗಿತ್ತಿಯ ಮುಖಕ್ಕೆ ನಡುಬೀದಿಯಲ್ಲಿ ಕೈ ಮುಗಿದೆ! ತಿರುಗಿದರೆ ರತ್ನ ಹೋಟೆಲಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ತನ್ನ ಹಣೆಯನ್ನು ಸವರುತ್ತಿತ್ತು.

ನನಗೆ ಏನೋ ಆಯಿತು. ಅಜ್ಜಿಯ ಪೊಟ್ಟಣದಿಂದ ಒಂದು ಚಿಟಿಕೆ ಇಸಿದುಕೊಂಡು ಸೀದಾ ಅವಳ ಹತ್ತಿರ ಹೋದೆ.

"ಬ್ಯಾಡಕ್ಕ, ಜನ ಏನಂದಾರು?"

"ಗೋಡೆ ಮೇಲೆ ನಿನ್ ಕುಂಕುಮಾನ ಊರೇ ನೋಡ್ತಾ ಅದೆ. ನಿಂತ್ಕೊ ಸುಮ್ನೆ!" ಎಂದು ಗದರಿ ಇಟ್ಟೇಬಿಟ್ಟೆ. ಅವಳು ಅತ್ತಳು. ನನ್ನ ಕಣ್ಣೂ ತುಂಬಿತು.

ಈಗ ಗಲ್ಲಾದಲ್ಲಿ ರತ್ನ ಕೂರುತ್ತಾಳೆ. ಗಿರಾಕಿಗಳು ಗೋಡೆ ನೋಡಿ ಅವಳನ್ನು ನೋಡುತ್ತಾರೆ, ಇಡ್ಲಿ ತಂದಿಡುವ ನನ್ನ ಕಡೆ ಯಾರೂ ತಲೆ ಎತ್ತುವುದಿಲ್ಲ. ಹೊಟ್ಟೆಕಿಚ್ಚು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೂ ಬೆಳಿಗ್ಗೆ ಅವಳು ಕುಂಕುಮ ಮರೆತು ಬಂದರೆ ಮೊದಲು ಬೈಯುವವಳು ನಾನೇ.