ಕವಲುದಾರಿಯ ಹಸಿ ಟೊಂಗೆ

ನಾನು ಬಯಲುಸೀಮೆಯವನು. ಅರವತ್ತರ ದಶಕದ ಮೊದಲಲ್ಲಿ ಹೊಸನಗರದ ಶಾಲೆಗೆ ಮೇಷ್ಟ್ರಾಗಿ ಬಂದಾಗ ನಾನು ಕಾಡು ಕಂಡವನಲ್ಲ, ಸಮುದ್ರವನ್ನಂತೂ ಕಂಡೇ ಇರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿ, ಬುದ್ಧಿ ಮೊಣಕಾಲ ಕೆಳಗೆ. ಅಂಥ ವಯಸ್ಸು ಅದು.

ಊರಿನಲ್ಲಿ ಒಂದು ನಡಿಗೆಯ ಗುಂಪಿತ್ತು. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ನಮ್ಮ ಹೆಡ್‌ಮೇಷ್ಟ್ರು, ಆಸ್ಪತ್ರೆಯ ಕಾಂಪೌಂಡರು, ಇನ್ನೂ ಮೂರು ನಾಲ್ಕು ಜನ ಭಾನುವಾರ ಬೆಳಿಗ್ಗೆ ಸೇರಿ ಯಾವುದಾದರೂ ಗುಡ್ಡ ಹತ್ತಿ ಇಳಿದು ಸಂಜೆಗೆ ಮನೆ ಸೇರುವುದು, ಅಷ್ಟೇ. "ಮಾಡೋಕೆ ಬೇರೆ ಕೆಲಸ ಇಲ್ವಾ ಇವರಿಗೆ?" ಅಂತ ಗೊಣಗುತ್ತಲೇ ನಾನೂ ಸೇರಿದೆ. ಮೂರನೇ ವಾರಕ್ಕೆ ನೋಡಿದರೆ, ಶನಿವಾರ ಸಂಜೆಯೇ ಚಪ್ಪಲಿಗೆ ಮೊಳೆ ಹೊಡೆಸಿಕೊಂಡು ಕೂತಿರುತ್ತಿದ್ದೆ.

ನಮಗೆಲ್ಲ ಅವಲಕ್ಕಿ ಬೆಲ್ಲದ ಪೊಟ್ಟಣ ಕಟ್ಟಿಕೊಡುತ್ತಿದ್ದವಳು ಬಸ್‌ಸ್ಟ್ಯಾಂಡಿನ ಪಕ್ಕ ಸಣ್ಣ ಹೋಟೆಲು ನಡೆಸುತ್ತಿದ್ದ ಒಬ್ಬ ಅಜ್ಜಿ. ಕುಂದಾಪುರದ ಕಡೆ ಸಮುದ್ರದ ದಂಡೆಯಲ್ಲಿ ಹುಟ್ಟಿ, ಮದುವೆಯಾಗಿ ಘಟ್ಟ ಹತ್ತಿ ಬಂದವಳು. ಅಪ್ಪ ಸತ್ತ ಮೇಲೆ ಅಣ್ಣಂದಿರ ಜೊತೆ ಏನೋ ಮಾತಿಗೆ ಮಾತು ಬೆಳೆದು, ತವರಿನಿಂದ ಕರೆ ನಿಂತುಹೋಯಿತಂತೆ. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ನಲವತ್ತು ವರ್ಷ! ಘಟ್ಟ ಇಳಿಯುವ ಬಸ್ಸು ದಿನಾ ಅವಳ ಬಾಗಿಲ ಮುಂದೆಯೇ ನಿಂತು ಹಾರ್ನ್ ಹೊಡೆದು ಹೋಗುತ್ತಿತ್ತು. ಒಂದು ದಿನವೂ ಹತ್ತಲಿಲ್ಲ. "ಕರೀದೆ ತೌರಿಗೆ ಹ್ವಾಪುದಾ? ನಂಗೆ ಮರ್ಯಾದಿ ಇಲ್ಯಾ?" ಅನ್ನುತ್ತಿದ್ದಳು. ನನಗಿಂತ ದೊಡ್ಡ ಸಿಟ್ಟಿನವಳು, ಹಾಗಾಗಿ ನನಗೆ ಅವಳೆಂದರೆ ಇಷ್ಟ.

ಒಮ್ಮೆ ಪೊಟ್ಟಣ ಕಟ್ಟುತ್ತಾ ಹೆಡ್‌ಮೇಷ್ಟ್ರನ್ನು ಕೇಳಿದಳು: "ಹ್ವಾಯ್ ಮಾಸ್ಟ್ರೆ, ಹುಲಿಕಲ್ ಗುಡ್ಡದ ಮೇಲಿಂದ ಕಡ್ಲ್ ಕಾಣತ್ತಂಬ್ರ್, ಹೌದಾ?"

"ಮಂಜಿಲ್ಲದಿದ್ರೆ ಕಾಣತ್ತಮ್ಮ."

"ಮೇಲಿಂದ ಕಂಡ್ರೆ, ತೌರಿಗೆ ಹೋದ ಹಾಂಗೆ ಆತ್ತಾ?"

ಹೆಡ್‌ಮೇಷ್ಟ್ರು ನಗಲಿಲ್ಲ. ಗಡ್ಡ ಕೆರೆದುಕೊಂಡು ನಿಜವಾಗಿಯೂ ಯೋಚನೆ ಮಾಡಿದರು. "ಇಲ್ಲಮ್ಮ. ನೋಡೋದು ಬೇರೆ, ಹೋಗೋದು ಬೇರೆ."

"ಹಂಗಾರೆ ನಾನೂ ಬತ್ತೆ," ಅಂದಳು. ಮುಂದಿನ ಭಾನುವಾರ ಹೋಟೆಲಿಗೆ ಬೀಗ ಹಾಕಿ, ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ನಮ್ಮ ಜೊತೆ ಬಸ್ಸು ಹತ್ತಿಯೇ ಬಿಟ್ಟಳು.

ಹುಲಿಕಲ್‌ನಲ್ಲಿ ಇಳಿದು ನಡೆಯತೊಡಗಿದೆವು. ಅಜ್ಜಿಯ ಹೆಜ್ಜೆಗೆ ತಕ್ಕ ಹಾಗೆ ಎಲ್ಲರೂ ನಿಧಾನ. ನನಗೋ ತಡೆಯಲಿಲ್ಲ. "ನಾನು ಮುಂದೆ ಹೋಗಿರ್ತೀನಿ" ಅಂದೆ. "ಹೋಗಿ. ಕವಲು ಬಂದಲ್ಲಿ ಏರುವ ದಾರಿ ನಮ್ದು. ಹಸಿ ಟೊಂಗೆ ಮುರಿದು ಇಡೋದು ಮರೀಬೇಡಿ," ಅಂದರು ಹೆಡ್‌ಮೇಷ್ಟ್ರು. "ಅಷ್ಟೂ ಗೊತ್ತಿಲ್ವಾ ನನಗೆ?" ಅಂತ ಉರಿದುಕೊಂಡೇ ಹೊರಟೆ. ಕವಲು ಬಂತು. ಒಂದು ದಾರಿ ಮೇಲಕ್ಕೆ, ಇನ್ನೊಂದು ಗುಡ್ಡದ ಪಕ್ಕೆ ಹಿಡಿದು ಕೆಳಕ್ಕೆ. ನಾವು ಹೋಗುವ ದಾರಿಗಲ್ಲವೇ ಗುರುತು? ಒಳ್ಳೆ ದಪ್ಪ ಟೊಂಗೆಯನ್ನೇ ಮುರಿದು ಏರುವ ದಾರಿಯ ಬಾಯಿಗೆ ಅಡ್ಡ ಇಟ್ಟು, ಮೇಲಕ್ಕೆ ಹತ್ತಿದೆ.

ನೆತ್ತಿಯ ಮೇಲೆ ಏನಿತ್ತು? ಮಂಜು! ಕೈ ಚಾಚಿದರೆ ಬೆರಳು ಕಾಣದು. ಥೂ, ಇವತ್ತೇ ಆಗಬೇಕಿತ್ತಾ ಇದು? ಪಾಪ ಅಜ್ಜಿ, ನಲವತ್ತು ವರ್ಷಕ್ಕೆ ಒಮ್ಮೆ ಹೊರಟಿದ್ದಾಳೆ. ಬಂದ ಮೇಲೆ ಏನು ಹೇಳುವುದು ಅಂತ ಕಲ್ಲಿನ ಮೇಲೆ ಕೂತು ಕಾದೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಒಬ್ಬರೂ ಇಲ್ಲ. ಮೊದಲು ಬೈದುಕೊಂಡೆ. ಆಮೇಲೆ ಹೆದರಿಕೆಯಾಯಿತು. ಅಜ್ಜಿ ಜಾರಿ ಬಿದ್ದಳಾ? ಕೂಗಿದೆ. ನನ್ನ ದನಿ ಮಂಜಿನಲ್ಲೇ ಹೂತುಹೋಯಿತು. ಎದ್ದೆನೋ ಬಿದ್ದೆನೋ ಅಂತ ಕೆಳಕ್ಕೆ ಓಡಿದೆ.

ಕವಲಿನಲ್ಲಿ ನನ್ನ ಟೊಂಗೆ ಇಟ್ಟಲ್ಲೇ ಇತ್ತು. ಹೆಜ್ಜೆ ಗುರುತೆಲ್ಲ ಇಳಿಯುವ ದಾರಿಗೆ ಹೋಗಿದ್ದವು, ಅದರಲ್ಲೊಂದು ಬರಿಗಾಲಿನದು. "ಇವರಿಗೇನು ಕಣ್ಣಿಲ್ವಾ!" ಅಂತ ಆ ಕಡೆ ಓಡಿದೆ.

ದಾರಿ ಒಂದು ಬೋಳು ಬಂಡೆಯ ಮೇಲೆ ಮುಗಿದಿತ್ತು. ಎಲ್ಲರೂ ಅಲ್ಲಿದ್ದರು. ಬಯ್ಯಬೇಕು ಅಂತ ಬಾಯಿ ತೆರೆದವನು ಹಾಗೇ ನಿಂತೆ. ಮಂಜು ನಮ್ಮ ತಲೆಯ ಮೇಲಿತ್ತು. ಕಾಲ ಕೆಳಗೆ ನೆಲವೇ ಇರಲಿಲ್ಲ. ಕಾಡು, ಅದರ ಕೆಳಗೆ ಕಾಡು, ಅದರಾಚೆ ತೆಳು ಹಸಿರು, ಅದರಾಚೆ ಆಕಾಶ. ಆಕಾಶದ ಬುಡದಲ್ಲಿ, ತಿಕ್ಕಿಟ್ಟ ಬೋಗುಣಿಯ ಕಂಠದ ಹಾಗೆ ಒಂದು ಹೊಳೆಯುವ ಗೆರೆ. ಅದು ಸಮುದ್ರ ಅಂತ ಯಾರೂ ಹೇಳಬೇಕಾಗಲಿಲ್ಲ. ಅಬ್ಬಾ! ಇಷ್ಟು ದೊಡ್ಡದನ್ನು ಪಾಠ ಮಾಡುವಾಗ ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗೀಚಿ ಮುಗಿಸಿದ್ದೆನಲ್ಲ ಅಂತ ನಾಚಿಕೆಯಾಯಿತು. ಕಣ್ಣು ತುಂಬಿ ಬಂತು. ಯಾಕೆಂದು ಇವತ್ತಿಗೂ ಹೇಳಲಾರೆ.

ಅಜ್ಜಿ ಬಂಡೆಯ ತುದಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅವಲಕ್ಕಿ ಪೊಟ್ಟಣ ಮಡಿಲಲ್ಲಿ ಹಾಗೇ ಇತ್ತು, ಬಿಚ್ಚಿರಲಿಲ್ಲ.

ಕಾಂಪೌಂಡರು ನನ್ನ ಬೆನ್ನು ತಟ್ಟಿದರು. "ಭೇಷ್ ಮೇಷ್ಟ್ರೆ! ಮೇಲೆ ಮಂಜು ಕವಿದದ್ದು ನೋಡಿ ಆ ದಾರಿಗೆ ಟೊಂಗೆ ಅಡ್ಡ ಇಟ್ರಲ್ಲ. ಬಯಲುಸೀಮೆಯವರಾದ್ರೂ ಜಾಣರು ಅಂತ ಮಾತಾಡ್ಕೊಂಡೇ ಬಂದ್ವಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಲೆನಾಡಿನಲ್ಲಿ ಟೊಂಗೆ ಅಡ್ಡ ಇಟ್ಟರೆ ಆ ದಾರಿ ಬೇಡ ಅಂತ ಅರ್ಥ! ಸುಮ್ಮನಿದ್ದಿದ್ದರೆ ಜಾಣನಾಗಿಯೇ ಉಳಿಯುತ್ತಿದ್ದೆ. ಆದರೆ ಆ ಸಮುದ್ರದ ಎದುರು ಸುಳ್ಳು ಹೊರಡಲಿಲ್ಲ. "ನನಗೆ ನಿಮ್ಮ ಪದ್ಧತಿ ಗೊತ್ತಿರಲಿಲ್ಲ. ಆ ಕಡೆಯೇ ಬನ್ನಿ ಅಂತ ಇಟ್ಟಿದ್ದೆ," ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ.

"ಹಂಗಾರೆ ನನ್ನ ಈ ಬದಿಗೆ ಕಳ್ಸಿದ್ದ್ ಯಾರೂ ಅಲ್ದಾ?" ಅಂದಳು. ಮತ್ತೆ ಸಮುದ್ರದ ಕಡೆ ತಿರುಗಿದಳು.

ಹಿಂದಿರುಗುವಾಗ ಕವಲಿನಲ್ಲಿ ಹೆಡ್‌ಮೇಷ್ಟ್ರು ಬಗ್ಗಿ ನನ್ನ ಟೊಂಗೆ ಎತ್ತಲು ಹೋದರು. ಕೊನೆಯಲ್ಲಿ ಬರುವವರು ಟೊಂಗೆ ತೆಗೆದು ದಾರಿ ಬಿಡಬೇಕು, ಅದೂ ಅಲ್ಲಿನ ಪದ್ಧತಿ. ಅಜ್ಜಿ ಅವರ ಕೈ ಹಿಡಿದಳು.

"ಇರ್ಲಿ ಬಿಡಿ ಮಾಸ್ಟ್ರೆ," ಅಂದಳು. "ನನ್ನ ಹಾಂಗೆ ಯಾರೂ ಕರೀದೆ ಕೂತವ್ರ್ ಇನ್ನೊಬ್ರ್ ಬಂದಾರು."